ಬೆಂಚಿನ ಮೇಲೊಂದು ಜಾಗ

ಧಾರವಾಡದ ನಮ್ಮ ಅಚ್ಚುಮನೆಗೆ ಯಾರದಾದರೂ ಸ್ವಂತ ಬದುಕಿನ ಕಾದಂಬರಿ ಬಂದರೆ ನಾನು ಮೊದಲು ಉದ್ದನೆಯ ಬೆಂಚು ಒರೆಸಿಡುತ್ತೇನೆ. ಕರಡಿನ ಶಾಯಿ ಆರುವಷ್ಟರಲ್ಲಿ ಪಾತ್ರಗಳು ಪುಟದಿಂದಿಳಿದು ಅಲ್ಲಿ ಬಂದು ಕೂರುತ್ತವೆ. ಮೊದಲು ಬರುವವಳು ಯಾವಾಗಲೂ ತಾಯಿ. ಆಮೇಲೆ ಬುದ್ಧಿ ಹೇಳುವ ಮುದುಕ. ನೆರಳೊಂದು ಮಾತ್ರ ಮುಖ ತೋರಿಸದೆ ಬಾಗಿಲಲ್ಲೇ ನಿಲ್ಲುತ್ತದೆ. ಮೂವತ್ತು ವರ್ಷದಿಂದ ಇವರಿಗೆಲ್ಲ ಚಹಾ ಕೊಟ್ಟು ನನಗೆ ರೂಢಿಯಾಗಿದೆ.

ಇವತ್ತು ಎಪ್ಪತ್ತು ದಾಟಿದ ಶಿವಪುತ್ರ ಮಾಸ್ತರರ ಕಾದಂಬರಿ; ಕರಡು ನೋಡಲು ಅವರೂ ಬಂದು ನನ್ನ ಪಕ್ಕ ಕೂತಿದ್ದರು. ತಾಯಿ ಬಂದಳು, ಮುದುಕ ಬಂದ. ನಾಯಕಿ ಕಮಲಾಕ್ಷಿಗಾಗಿ ಕಾದೆವು. ಆಗ ಬಾಗಿಲ ನೆರಳು ಮೆಲ್ಲಗೆ ಮುಖ ತಿರುಗಿಸಿತು. ಅಂಗೈಗೆ ಸೈಕಲ್ಲಿನ ಎಣ್ಣೆ ಮೆತ್ತಿದ್ದ, ಇಪ್ಪತ್ತೆರಡರ ತರುಣ.

"ಯಾರಪಾ ನೀ?" ಎಂದೆ.

"ನಾನ ರೀ, ಕಮಲಾಕ್ಷಿ."

ಮಾಸ್ತರರು ಅವನನ್ನು ನೋಡಲಿಲ್ಲ. ಹೆದರಿ ತಾಯಿಯನ್ನು ನೋಡಿದರು. ಅವಳು ಸೆರಗು ಎಳೆದುಕೊಂಡು ಪಕ್ಕಕ್ಕೆ ಸರಿದಳು. "ಬಾರಪ್ಪಾ, ಕೂಡು. ಎಷ್ಟು ವರ್ಷಂತ ಬಾಗಲಾಗ ನಿಂದರ್ತಿ?"

ನನಗೆ ಕೂತಿರಲು ಆಗಲಿಲ್ಲ, ಎದ್ದು ನಿಂತೆ.

"ಹೆಸರು ತಿದ್ದಬೇಕು," ಎಂದರು ಮಾಸ್ತರರು. "ಖರೇ ಹೆಸರು ಫಕೀರಪ್ಪ."

"ಕಮಲಾಕ್ಷಿ ಅಂತ ಇನ್ನೂರಾ ಹನ್ನೊಂದು ಕಡೆ ಐತ್ರಿ. ನಾ ತಿದ್ದತೀನಿ ಬಿಡ್ರಿ," ಎಂದೆ.

ಅವರು ನನ್ನ ಕೈಯಿಂದ ಕೆಂಪು ಪೆನ್ನು ತೆಗೆದುಕೊಂಡರು.

"ಬ್ಯಾಡ. ಅವನ ಹೆಸರು ಬರದು ಐವತ್ತು ವರ್ಷಾತು. ಅಷ್ಟೂ ಕಡೆ ನಾನ ಬರೀತೀನಿ."