ಚಳಿಗೊಂದು, ಬೇಸಿಗೆಗೊಂದು

ಗಂಡ ಎರಡು ಸೆಂಟಿನ ಸೀಸೆಗಳನ್ನು ಮುಂದಿಟ್ಟುಕೊಂಡು ನಿಂತಿದ್ದ. ಸೆಂಟಿನಂಗಡಿಯ ಕಪಾಟಿನ ಮರೆಯಲ್ಲಿ ಹೆಂಡತಿ ಉಸಿರು ಬಿಗಿಹಿಡಿದಿದ್ದಳು.

ಅನುಮಾನ ಇಂದಿನದಲ್ಲ. ಕಳೆದ ವರ್ಷ, ದೂರದೂರಿನಲ್ಲಿದ್ದ ತನ್ನ ಅಕ್ಕನನ್ನು ಅವನು ಕರೆತರುವಾಗ ಕಾರು ಲಾರಿಗೆ ಬಡಿದಿತ್ತು. ಅಕ್ಕ ಉಳಿಯಲಿಲ್ಲ. ಬದುಕಿ ಬಂದ, ಕನ್ನಡಕದಂಗಡಿ ನಡೆಸುವ ಗಂಡ ಮನೆಯಲ್ಲಿ ಮಾತು ಕಡಿಮೆ ಮಾಡಿದ. ದುಃಖವೆಂದುಕೊಂಡು ಅವಳು ಸುಮ್ಮನಿದ್ದಳು. ಆದರೆ ದುಃಖದಲ್ಲಿರುವವನು ಭಾನುವಾರ ಬಂತೆಂದರೆ ನುಣ್ಣಗೆ ಗಡ್ಡ ಹೆರೆದು, ಮುಂಗೈ ಕೂದಲನ್ನೂ ಬಿಡದೆ ಬೋಳಿಸಿಕೊಳ್ಳುತ್ತಾನೆಯೇ? ಹೆಂಗಸರ ಸೆಂಟಿನ ಘಮ ಹೊತ್ತು ಮನೆಗೆ ಬರುತ್ತಾನೆಯೇ? ಕೇಳಿದರೆ, ವೃದ್ಧಾಶ್ರಮದಲ್ಲಿರುವ ಅಮ್ಮನನ್ನು ನೋಡಿ ಬಂದೆ ಎನ್ನುತ್ತಿದ್ದ. ತಾನೂ ಬರುತ್ತೇನೆಂದರೆ ಬೇಡವೆನ್ನುತ್ತಿದ್ದ. ಕಣ್ಣೂ ಕಿವಿಯೂ ಹೋದ ಮುದುಕಿಯ ಮುಂದೆ ಇಷ್ಟೊಂದು ಸಿಂಗಾರವೇ? ಕಿವಿಯ ಮೇಲೆ ಹೂವಿಡುವುದಕ್ಕೂ ಒಂದು ಮಿತಿ ಬೇಡವೇ?

ನಿಂಬೆಹೂವಿನದು ಬೇಸಿಗೆಗೆ, ಹಗಲಿಗೆ ಹಿತ. ಗಂಧ ಲವಂಗದ್ದು ಚಳಿಗೆ, ಸಮಾರಂಭಕ್ಕೆ ಒಪ್ಪುತ್ತದೆ ಎಂದಳು ಅಂಗಡಿಯಾಕೆ. ಸದ್ಯಕ್ಕೆ ಒಂದು ಸಾಲದೇ ಎಂದೂ ಕೇಳಿದಳು.

“ಸಾಲಲ್ಲ. ಚಳಿಗಾಲದಲ್ಲಿ ಬೇಸಿಗೇದು ಹಾಕ್ಕೊಂಡು ಹೋದ್ರೆ ಅವಳಿಗೆ ಅನುಮಾನ ಬಂದ್ಬಿಡುತ್ತೆ. ಇಷ್ಟು ದಿನದ ಸುಳ್ಳು ಬಯಲಾಗುತ್ತೆ.” ಸ್ವಲ್ಪ ತಡೆದು, “ಇವತ್ತು ಅವಳ ಹುಟ್ಟಿದ ದಿನ. ಗಂಧದ್ದೇ ಮೊದಲು ಕೊಡಿ,” ಎಂದ.

ಈಗ ಚಳಿಗಾಲ; ಹೆಂಡತಿಯ ಹುಟ್ಟಿದ ದಿನ ಬೇಸಿಗೆಯಲ್ಲಿ.

ಅವನ ಹಿಂದೆಯೇ ನಡೆದಳು. ಅವನು ನಿಜಕ್ಕೂ ವೃದ್ಧಾಶ್ರಮದ ಗೇಟು ದಾಟಿದ. ಓಹೋ, ಇಲ್ಲಿನ ದಾದಿಯರಲ್ಲೇ ಯಾರೋ ಎಂದುಕೊಂಡಳು. ಇವತ್ತು ಇತ್ಯರ್ಥವಾಗಿಬಿಡಲಿ ಎಂದು ಹಲ್ಲು ಕಚ್ಚಿ ಒಳಹೊಕ್ಕಳು.

ಕಾರಿಡಾರಿನ ಕೊನೆಯ ಕೋಣೆಯ ಬಾಗಿಲು ಅರೆ ತೆರೆದಿತ್ತು. ಅವನು ಕುತ್ತಿಗೆಗೂ ಮಣಿಕಟ್ಟಿಗೂ ಸೆಂಟು ಹಚ್ಚಿಕೊಂಡ. ತಾಯಿಯ ಮಂಚದ ಅಂಚಿನಲ್ಲಿ ಕೂತು ಕೈ ಚಾಚಿದ. ಅತ್ತೆ ಆ ನುಣ್ಣನೆಯ ಮುಂಗೈಯನ್ನು ಮೆಲ್ಲಗೆ ತಡವಿ, ಮೂಗಿಗೆ ಒತ್ತಿಕೊಂಡರು. ಅವರ ಮುಖ ಅರಳಿತು. ಅವನ ಭುಜ ನಡುಗುತ್ತಿತ್ತು.

“ಅದೇ ಕಾರಲ್ಲಿದ್ದೂ ನೀನಾದ್ರೂ ಉಳಿದ್ಯಲ್ಲ, ಮಗಳೇ,” ಎಂದರು ಅತ್ತೆ. “ತಮ್ಮನ ನೆನಪಾದ್ರೆ ಅತ್ತುಬಿಡೇ. ನನ್ನೆದುರು ತಡ್ಕೋಬೇಡ.”