ಅಮೃತಬಳ್ಳಿ ಕಷಾಯ

ಲೋಟವನ್ನು ತುಟಿಯವರೆಗೂ ತಂದ ಹೇಮಲತಾ ವಾಸನೆ ಬಡಿದೊಡನೆ ಕೆಳಗಿಟ್ಟುಬಿಟ್ಟಳು. "ಅವ್ವ, ಇದ್ಕೆ ಅಮೃತಬಳ್ಳಿ ಹಾಕಿದ್ದೀಯಾ?"

"ಹಾಕ್ದೆ ಇರ್ತೀನಾ? ಈ ಕಿಕ್ಕೇರಿ ಚಳಿ ಸುಮ್ನೆ ಬುಟ್ಟದಾ? ಕುಡಿ ಕೂಸೆ, ಮೈಗೆ ಸಕ್ತಿ ಬತ್ತದೆ," ಎಂದಳು ಪುಟ್ಟತಾಯಮ್ಮ. ಧನುರ್ಮಾಸ ಹುಟ್ಟಿದರೆ ಅಮೃತಬಳ್ಳಿ, ತುಳಸಿ, ಮೆಣಸು ಕುದಿಸಿ ಮನೆಮಂದಿಗೆಲ್ಲ ಕುಡಿಸುವುದು ಅವಳ ಪದ್ಧತಿ. ಈ ಸಲವಂತೂ ತಪ್ಪಿಸುವಂತೆಯೇ ಇರಲಿಲ್ಲ. ಮೂರು ತಿಂಗಳ ಹಿಂದೆ ತನ್ನದೇ ಒಂದು ಮೂತ್ರಪಿಂಡ ಕೊಟ್ಟು ಈ ಮಗಳನ್ನು ಉಳಿಸಿಕೊಂಡಿದ್ದಳು.

"ಆ ಸಕ್ತಿ ಬರಬಾರ್ದು ಕಣವ್ವ," ಹೇಮಲತಾ ತಲೆ ತಗ್ಗಿಸಿದಳು. "ರೋಗ ಓಡ್ಸೋ ಸಕ್ತಿ ಜಾಸ್ತಿಯಾದ್ರೆ, ನೀ ಕೊಟ್ಟಿದ್ದನ್ನೂ ಹೊರಗಿಂದು ಅಂದ್ಕಂಡು ನನ್ ಮೈಯೇ ಓಡಿಸ್ಬುಡ್ತದಂತೆ. ಅದ್ನ ಕುಗ್ಸಕ್ಕೇ ನಾನು ದಿನಾ ಮಾತ್ರೆ ನುಂಗ್ತಿರೋದು. ಡಾಕ್ಟ್ರು ಹೇಳ್ದಾಗ ನೀನಿನ್ನೂ ಆಸ್ಪತ್ರೆ ಹಾಸಿಗೇಲಿದ್ದೆ."

ಪುಟ್ಟತಾಯಮ್ಮನ ಕೈ ತಾನಾಗಿ ಪಕ್ಕೆಯ ಹೊಲಿಗೆ ಗುರುತಿನ ಮೇಲೆ ಹೋಯಿತು.

"ಅದು ನಂದು ಅಂತ ನಿನ್ ಮೈಗೆ ಗೊತ್ತಾಗಾಕಿಲ್ವಾ?"

"ಇಲ್ಲ ಕಣವ್ವ."

ಪುಟ್ಟತಾಯಮ್ಮ ಎದ್ದು, ಕಷಾಯವನ್ನೆಲ್ಲ ಬಚ್ಚಲಿಗೆ ಚೆಲ್ಲಿ, ವಾಸನೆ ಹೋಗುವವರೆಗೂ ಲೋಟವನ್ನು ಉಜ್ಜಿ ಉಜ್ಜಿ ತೊಳೆದಳು. ಅದಕ್ಕೆ ಕುದಿಸಿ ಆರಿಸಿದ ನೀರು ತುಂಬಿ, ಗೂಡಿನಿಂದ ಮಾತ್ರೆಗಳನ್ನು ತಂದು, ಮಗಳ ಅಂಗೈಯಲ್ಲಿ ತಾನೇ ಒಂದೊಂದಾಗಿ ಇಟ್ಟಳು.

"ನುಂಗು ಕೂಸೆ," ಎಂದಳು, "ನನ್ನ ಅಲ್ಲೇ ಇಟ್ಕೊ."