ಗುರುವಿನ ಅರವತ್ತು ಪಟ್ಟು

ಇದು ಕಟ್ಟುಕಥೆಯಲ್ಲ, ಬೇಕಿದ್ದರೆ ಆ ತಾರಾಲಯದ ಮುಂದಿನ ಸಾಲಿನ ಕುರ್ಚಿಗಳನ್ನೇ ಕೇಳಿ. ಅಷ್ಟೂ ಒಂದೇ ಕಬ್ಬಿಣದ ಕೊಳವೆಗೆ ಬಿಗಿದವು. ನಡುವಿನ ತಿರುಪು ಸಡಿಲವಾಗಿ, ಒಂದು ತುದಿಗೆ ಭಾರ ಬಿದ್ದರೆ ಇನ್ನೊಂದು ತುದಿ ಏಳುತ್ತಿತ್ತು. ಆ ಮಧ್ಯಾಹ್ನ ಒಂದು ತುದಿಯಲ್ಲಿ ಕಡ್ಡಿಯಂತೆ ಕೂತಿದ್ದವನು ಗಿಳಿ. ಕೇಳಿದ ದನಿಯನ್ನೆಲ್ಲ ಹಾಗೇ ಒಪ್ಪಿಸುತ್ತಿದ್ದನಲ್ಲ, ಅದಕ್ಕೇ ಆ ಹೆಸರು.

ಎದುರಿಗೆ, ಯಂತ್ರದ ಮೇಜಿನ ಹಿಂದೆ, ಹೊಸದಾಗಿ ಸೇರಿದ ಹುಡುಗಿ ಬೆವರುತ್ತಿದ್ದಳು. ಇನ್ನೇನು ದೊಡ್ಡ ಸಾರ್ ಪರೀಕ್ಷೆಗೆ ಬರುವವರು. ಒಪ್ಪಿದರೆ ಸಂಜೆಯಿಂದ ಆಕಾಶ ತೋರಿಸುವ ಕೆಲಸ; ಒಪ್ಪದಿದ್ದರೆ ಟಿಕೆಟ್ ಹರಿಯುವ ಕಿಟಕಿ. ವಿಷಯವೇನೋ ಬಾಯಿಪಾಠ. ಆದರೆ ಸಾರ್ ಕೆಮ್ಮಿ “ಅಂದ್ರೇ?” ಎಂದರೆ ಸಾಕು, ಅವಳ ಮಾತು ಗಂಟಲಲ್ಲೇ ಚಿಲಕ ಹಾಕಿಕೊಳ್ಳುತ್ತಿತ್ತು.

“ನಿನ್ನ ಭಯ ಬಿಡೋ ತನಕ ನಾನೇ ದೊಡ್ಡ ಸಾರ್. ದೀಪ ಆರಿಸು,” ಎಂದ ಗಿಳಿ. ಕತ್ತಲಾದ ಗುಮ್ಮಟದಲ್ಲಿ ಕಿತ್ತಳೆ ಬಣ್ಣದ ಚುಕ್ಕೆ ಹೊತ್ತಿಕೊಂಡಿತು. “ಖೊಖ್! ಅಂದ್ರೇ?”

ಮೊದಲು ತೊದಲಿದಳು. ಆಮೇಲೆ ನಕ್ಕಳು. ಆಮೇಲೆ ಅವಳನ್ನು ಹಿಡಿಯುವವರಿಲ್ಲ.

“ಇದು ಕಿತ್ತಳೆ ಕುಬ್ಜ ಸಾರ್, ಸೂರ್ಯನಿಗಿಂತ ಕೊಂಚ ಚಿಕ್ಕ ನಕ್ಷತ್ರ. ಇದರ ಮಗ್ಗುಲಲ್ಲೇ ಒಂದು ಕಂದು ಕುಬ್ಜ ಸುತ್ತುತ್ತಿದೆ. ನಕ್ಷತ್ರ ಆಗೋಕೆ ಹೊರಟು, ಉರಿ ಹತ್ತದೆ, ಅರ್ಧಕ್ಕೇ ಉಳಿದದ್ದು.”

“ಖೊಖ್! ಕಣ್ಣಿಗೇ ಕಾಣದ್ದು ಇದೆ ಅಂತ ಹೇಗಮ್ಮ ಹೇಳ್ತೀಯ?”

ಗಿಳಿ ಬಾಯಿಯನ್ನೇ ತೆರೆದಿರಲಿಲ್ಲ. ದನಿ ಸಾಲಿನ ಆ ತುದಿಯಿಂದ ಬಂದಿತ್ತು.

“ಯಾರೋ ಅದು, ನನ್ನ ಹೊಟ್ಟೆ ಮೇಲೆ ಹೊಡೆಯೋನು?” ಗಿಳಿ ಪಿಸುಗುಟ್ಟಿದ. “ಕೆಮ್ಮು ಸಾಲ್ದು ಕಣೋ. ಹೊಕ್ಕುಳಿಂದ ಬರ್ಬೇಕು. ಹೀಗೆ... ಖೊಖ್!”

“ಖೊಖ್!” ಎಂದು ವಿನಯದಿಂದ ಕಲಿತ ಆ ದನಿ, ಧೊಪ್ಪನೆ ಕುರ್ಚಿಯಲ್ಲಿ ಕೂತಿತು. ಗಿಳಿಯ ಕಾಲು ನೆಲ ಬಿಟ್ಟಿತು.

“ನಕ್ಷತ್ರ ಓಲಾಡುತ್ತೆ ಸಾರ್!” ಅತ್ತ ಹುಡುಗಿ ಉತ್ಸಾಹದಲ್ಲಿದ್ದಳು. “ಪಕ್ಕದಲ್ಲಿ ಭಾರದ್ದೇನೋ ಇದೆ ಅಂತ ಅದರಿಂದಲೇ ಗೊತ್ತಾಗುತ್ತೆ.”

ಗಿಳಿಗೆ ಗೊತ್ತಾಯಿತು. ಎರಡೂ ಕೈಯಲ್ಲಿ ಕುರ್ಚಿಯನ್ನು ಬಿಗಿಯಾಗಿ ಹಿಡಿದುಕೊಂಡ.

“ಎಷ್ಟು ಭಾರ?”

“ಗುರುವಿನ ಅರವತ್ತು ಪಟ್ಟು! ಗುರು ಅಂದ್ರೆ ಗ್ರಹ ಸಾರ್. ಅದರ ಬದಲು ನಿಮ್ಮನ್ನ ತಕ್ಕಡಿಗೆ ಹಾಕೋದಾದ್ರೆ ಎರಡು ಪಟ್ಟೇ ಸಾಕು!”

ಕತ್ತಲಲ್ಲಿ ಮೊದಲು ಕೊಳವೆ ಕಿರುಗುಟ್ಟಿತು. ಹುಡುಗಿ ಗಾಬರಿಯಿಂದ ದೀಪ ಹಾಕಿದಳು. ಸಾಲಿನ ಆ ತುದಿಯಲ್ಲಿ ಕೂತು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದ ದೊಡ್ಡ ಸಾರ್, “ಸಂಜೆ ಆಕಾಶ ನಿಂದೇ ಕಣಮ್ಮ. ಖೊಖ್! ಹೊಕ್ಕುಳಿಂದ ಬಂತೇನಯ್ಯಾ ಗಿಳಿ?” ಎಂದು ಮತ್ತೆ ನಕ್ಕರು.

ಅವರು ನಕ್ಕಷ್ಟೂ ಸಾಲಿನ ಇನ್ನೊಂದು ತುದಿಯಲ್ಲಿ ಗಿಳಿ ಮೇಲೆ, ಕೆಳಗೆ, ಮೇಲೆ, ಕೆಳಗೆ.